ಸ್ಪಿಟ್‌ಫೈರ್ ಕಾರಿಗೆ ಅಲಾಯ್ ಹಬ್ ಕಡೆದ ನನ್ನ ಅನುಭವ

ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಆಸುಪಾಸಿನಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಅಕ್ಕಿ ಗಿರಣಿಯ ಶಾಫ್ಟ್, ಮೆಕ್ಕೆಜೋಳ ಬಿಡಿಸುವ ಯಂತ್ರದ ಪುಲ್ಲಿ, ಟ್ರ್ಯಾಕ್ಟರ್ ಟ್ರೈಲರಿನ ಹಬ್, ಇವೇ ನಮ್ಮ ನಿತ್ಯದ ಕೆಲಸ. ಹಾಗಿರುವಾಗ ಹಳೆಯ ಕಾರುಗಳ ಹುಚ್ಚಿರುವ ಗಿರಾಕಿಯೊಬ್ಬರು ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಮುಂದಿನ ಎರಡು ಹಬ್‌ಗಳನ್ನು (ಚಕ್ರ ಕೂರುವ ನಡುಭಾಗ) ಬಿಚ್ಚಿ ತಂದು, ಇವನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಹೊಸದಾಗಿ ಮಾಡಿಕೊಡಬಹುದೇ ಎಂದು ಕೇಳಿದರು. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಎರಡು ಸೀಟಿನ ಕಾರು ನಮ್ಮ ಕಡೆ ಅಪರೂಪವಾದರೂ, ಅದರ ಮುಂದಿನ ಸಸ್ಪೆನ್ಷನ್ 1961ರಿಂದ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ನದೇ ಕುಲದ್ದಾದ್ದರಿಂದ ಹಳೆಯ ಮೆಕ್ಯಾನಿಕ್‌ಗಳಿಗೆ ಅದು ಪರಿಚಿತವೇ.

ಹಬ್‌ನ ಆಕಾರದಲ್ಲಿ ಅಂಥ ಕಷ್ಟವೇನಿಲ್ಲ. ಒಳಗಡೆ ಎರಡು ಟೇಪರ್ ರೋಲರ್ ಬೇರಿಂಗ್‌ಗಳ ಕಪ್ (ಹೊರಬಳೆ) ಕೂರುವ ಎರಡು ಬೋರ್‌ಗಳು (ಕಡೆದ ದುಂಡು ತೂತುಗಳು), ಹಿಂಬದಿಗೆ ಬ್ರೇಕ್ ಡಿಸ್ಕ್ ಕೂರುವ ಮುಖ, ಮುಂಬದಿಗೆ ಚಕ್ರ ಕೂರುವ ತಟ್ಟೆಯಂಥ ಫ್ಲ್ಯಾಂಜ್, ಅದರಲ್ಲಿ ನಾಲ್ಕು ಸ್ಟಡ್. ಅಳತೆ ತೆಗೆದು ಅದೇ ಆಕಾರವನ್ನು ಅಲಾಯ್‌ನಲ್ಲಿ ಕಡೆಯಲು ಒಳ್ಳೆಯ ಟರ್ನರ್ ಯಾರಾದರೂ ಸಾಕು. ಆದರೆ ಹಾಗೆ ಇದ್ದದ್ದನ್ನು ಇದ್ದಂತೆ ನಕಲು ಮಾಡಿದ ಹಬ್ ಬ್ರೇಕ್ ಬಿಸಿಯಾದ ಮೇಲೆ ಬೇರಿಂಗನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಈ ಕೆಲಸದ ಜೀವಾಳವಿರುವುದು ಅಲ್ಲಿಯೇ.

ಲೋಹದ ಆಯ್ಕೆಯಲ್ಲಿ ನನಗೂ ಗಿರಾಕಿಗೂ ಸ್ವಲ್ಪ ವಾದವಾಯಿತು. "ವಿಮಾನಕ್ಕೆ ಹಾಕುವ 7075ನ್ನೇ ಹಾಕಿ" ಎಂಬುದು ಅವರ ಪಟ್ಟು. (7075 ಎಂಬುದು ಒಂದು ಬಗೆಯ ಅಲ್ಯೂಮಿನಿಯಂ ಮಿಶ್ರಲೋಹದ ಸಂಖ್ಯೆ, ಟಿ6 ಎಂದರೆ ಕಾಯಿಸಿ ಹದ ಮಾಡಿದ್ದು.) 7075-ಟಿ6ರ ಬಲ ಹೆಚ್ಚೆಂಬುದು ನಿಜ. ಆದರೆ ಆ ಲೋಹಕ್ಕೆ ಗಟ್ಟಿತನ ಬರುವುದು ಸುಮಾರು 120 ಡಿಗ್ರಿಯಲ್ಲಿ ಹದ ಮಾಡಿದಾಗ, ಆದ್ದರಿಂದ ಬ್ರೇಕ್ ಡಿಸ್ಕಿಗೆ ಅಂಟಿಕೊಂಡು ಮತ್ತೆ ಮತ್ತೆ ಬಿಸಿಯಾಗುವ ಜಾಗದಲ್ಲಿ ಅದನ್ನು ಹಾಕಲು ನನ್ನ ಮನಸ್ಸು ಒಪ್ಪಲಿಲ್ಲ. ಸುಲಭವಾಗಿ ಸಿಗುವ ಎಚ್‌ಇ30, ಅಂದರೆ 6082, ಇದಕ್ಕಿಂತ ಮೆದು. ಕೊನೆಗೆ ನಾನು ಆರಿಸಿದ್ದು ಎಚ್‌ಇ15 ಎಂದು ಅಂಗಡಿಯವರು ಕರೆಯುವ 2014-ಟಿ6. ಅದರ ಹದದ ಉಷ್ಣತೆ 160 ಡಿಗ್ರಿಗೂ ಮೇಲಿರುವುದರಿಂದ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ. ಸುಮಾರು ನೂರಕ್ಕೆ ನಾಲ್ಕು ಪಾಲು ತಾಮ್ರವಿರುವ ಕಾರಣ ಬೇಗ ಕಿಲುಬು ಹಿಡಿಯುವುದು ಅದರ ದೋಷ. ಅದಕ್ಕೆ ಅನೋಡೈಸಿಂಗ್, ಅಂದರೆ ವಿದ್ಯುತ್ತಿನಿಂದ ಮೇಲ್ಮೈಗೆ ಗಟ್ಟಿ ಆಕ್ಸೈಡ್ ಪದರ ಬೆಳೆಸುವ ಪರಿಹಾರವಿದೆ. ಬೆಂಗಳೂರಿನಿಂದ ದುಂಡು ಬಾರನ್ನು ತರಿಸುವಾಗ ಟೆಸ್ಟ್ ಸರ್ಟಿಫಿಕೇಟ್ ಇಲ್ಲದ ಮಾಲು ಬೇಡವೆಂದು ಖಡಾಖಂಡಿತವಾಗಿ ಹೇಳಿದ್ದೆ. ಗುಜರಿ ತುಂಡಿನಿಂದ ಪುಲ್ಲಿ ಮಾಡಬಹುದು, ಹಬ್ ಮಾಡಬಾರದು.

ಇನ್ನು ಬೇರಿಂಗ್ ಫಿಟ್ಟಿಂಗಿನ ವಿಚಾರ. ಇಲ್ಲಿ ಶಾಫ್ಟ್ ನಿಂತಿರುತ್ತದೆ, ಹಬ್ ತಿರುಗುತ್ತದೆ. ಭಾರ ಕಪ್‌ನ ಸುತ್ತಲೂ ಓಡಾಡುವುದರಿಂದ ಕಪ್ ಟೈಟಾಗಿ ಕೂತಿರಲೇಬೇಕು, ಇಲ್ಲವಾದರೆ ಅದು ಬೋರ್‌ನೊಳಗೆ ನಿಧಾನವಾಗಿ ಜರುಗುತ್ತಾ ಗೋಡೆಯನ್ನು ತಿಂದುಹಾಕುತ್ತದೆ. ಕಬ್ಬಿಣದ ಹಬ್ ಮತ್ತು ಉಕ್ಕಿನ ಕಪ್ ಬಿಸಿಯಾದಾಗ ಹೆಚ್ಚುಕಡಿಮೆ ಒಂದೇ ಸಮನೆ ಹಿಗ್ಗುವುದರಿಂದ ಹಿಡಿತ ಹಾಗೆಯೇ ಉಳಿಯುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಒಂದು ಮೀಟರ್ ಉದ್ದಕ್ಕೆ ಒಂದು ಡಿಗ್ರಿ ಬಿಸಿಗೆ ಉಕ್ಕು ಸುಮಾರು 0.012 ಮಿ.ಮೀ. ಹಿಗ್ಗಿದರೆ ಅಲ್ಯೂಮಿನಿಯಂ 0.023 ಮಿ.ಮೀ. ಹಿಗ್ಗುತ್ತದೆ. 50 ಮಿ.ಮೀ. ವ್ಯಾಸದ ಕಪ್ ಎಂದುಕೊಳ್ಳಿ, ಹಬ್‌ನ ಉಷ್ಣತೆ 80 ಡಿಗ್ರಿ ಏರಿತೆಂದುಕೊಳ್ಳಿ: ಬೋರ್ ಕಪ್‌ಗಿಂತ 0.044 ಮಿ.ಮೀ. ಹೆಚ್ಚು ದೊಡ್ಡದಾಗುತ್ತದೆ. ಕಬ್ಬಿಣದ ಹಬ್‌ಗೆ ಸಾಕಾಗುವ 0.03 ಮಿ.ಮೀ. ಟೈಟ್ (ಕಪ್‌ಗಿಂತ ಬೋರನ್ನು ಅಷ್ಟು ಚಿಕ್ಕದಾಗಿ ಕಡೆಯುವುದು) ಅಲ್ಲಿಗೆ ಮಾಯವಾಗಿ ಕಪ್ ಲೂಸ್ ಆಗುತ್ತದೆ. ಅಲ್ಯೂಮಿನಿಯಂ ಹಬ್‌ಗೆ ವ್ಯಾಸದ ಪ್ರತಿ ಇಂಚಿಗೆ ಕನಿಷ್ಠ ಒಂದು ಥೌ (ಇಂಚಿನ ಸಾವಿರದಲ್ಲೊಂದು ಪಾಲು) ಟೈಟ್ ಕೊಡಬೇಕೆಂಬುದು ಬೇರಿಂಗ್ ತಯಾರಕರ ಲೆಕ್ಕ. ಆ ಪ್ರಕಾರ 50 ಮಿ.ಮೀ. ಕಪ್‌ಗೆ 0.05 ಮಿ.ಮೀ. ಆಗುತ್ತದೆ, ಬಿಸಿಯಲ್ಲಿಯೂ ಸ್ವಲ್ಪ ಹಿಡಿತ ಉಳಿಯುತ್ತದೆ. ನಾನು ಅದಕ್ಕಿಂತ ಒಂದು ಕೂದಲೆಳೆ ಹೆಚ್ಚೇ ಇಟ್ಟೆ. ಗೋಡೆ ತೆಳ್ಳಗಿದ್ದರೆ ಅದೇ ಹಿಗ್ಗಿ ಹಿಡಿತ ಸಡಿಲವಾಗುವುದರಿಂದ, ಬೋರ್‌ನ ಸುತ್ತಲಿನ ದಪ್ಪವನ್ನು ಹಳೆಯ ಹಬ್‌ಗಿಂತ ಹೆಚ್ಚಿಸಿ, ಫ್ಲ್ಯಾಂಜ್ ಬಂದು ಸೇರುವ ಮೂಲೆಗೆ ದೊಡ್ಡ ರೇಡಿಯಸ್ ಕೊಟ್ಟು ನುಣುಪು ಮಾಡಿದೆ. ಬಿರುಕು ಹುಟ್ಟುವುದಾದರೆ ಆ ಮೂಲೆಯಲ್ಲಿಯೇ.

ನನ್ನಲ್ಲಿರುವುದು ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತ್. ಸ್ಪಿಂಡಲ್ ಚೆನ್ನಾಗಿದ್ದರೆ ಈ ಕೆಲಸಕ್ಕೆ ಕಂಪ್ಯೂಟರ್ ನಡೆಸುವ ಸಿ.ಎನ್‌.ಸಿ. ಯಂತ್ರ ಬೇಕೇಬೇಕೆಂದಿಲ್ಲ. ಡಿಸ್ಕ್ ಕೂರುವ ಮುಖ, ಒಳಗಿನ ದೊಡ್ಡ ಬೋರ್, ಸೀಲ್ ಕೂರುವ ಜಾಗ, ಇಷ್ಟನ್ನೂ ಜಾಬನ್ನು ಚಕ್ಕಿನಿಂದ ಬಿಚ್ಚದೆ ಒಂದೇ ಸಲಕ್ಕೆ ಮುಗಿಸಿದೆ. ಹೊರಗಿನ ಚಿಕ್ಕ ಬೋರ್ ಎದುರು ಬದಿಯಿಂದ ತೆರೆಯಬೇಕಾದ್ದರಿಂದ ಜಾಬನ್ನು ತಿರುಗಿಸಿ ಕಟ್ಟುವುದು ಅನಿವಾರ್ಯ. ಎರಡೂ ಬೋರ್‌ಗಳ ಸೆಂಟರ್ ತಪ್ಪುವುದು ಆಗಲೇ. ಅದಕ್ಕಾಗಿ ಮೈಲ್ಡ್ ಸ್ಟೀಲಿನ ಪ್ಲೇಟೊಂದನ್ನು ಚಕ್ಕಿನಲ್ಲಿ ಹಿಡಿದು, ದೊಡ್ಡ ಬೋರ್‌ನೊಳಗೆ ಬೆರಳಿನ ಒತ್ತಡಕ್ಕೆ ಕೂರುವಷ್ಟು ಬಿಗಿಯಾದ ಬಾಸ್ (ದುಂಡು ಉಬ್ಬು) ಅನ್ನು ಅಲ್ಲಿಯೇ ಕಡೆದು, ಡಿಸ್ಕಿನ ಬೋಲ್ಟ್ ತೂತುಗಳ ಮೂಲಕ ಹಬ್ಬನ್ನು ಅದಕ್ಕೆ ಬಿಗಿದೆ. ಎರಡು ಹಬ್‌ಗಳೂ ಮುಗಿಯುವವರೆಗೆ ಆ ಪ್ಲೇಟನ್ನು ಚಕ್ಕಿನಿಂದ ಅಲುಗಿಸಲಿಲ್ಲ. ಡಯಲ್ ಗೇಜಿನ ಮುಳ್ಳು 0.01 ಮಿ.ಮೀ.ಗಿಂತ ಹೆಚ್ಚು ಆಡದಿರುವುದನ್ನು ನೋಡಿದ ಮೇಲೆಯೇ ಟೂಲ್ ಮುಟ್ಟಿಸಿದ್ದು.

ಫಿನಿಶ್ ಕಟ್ಟನ್ನು ಬೆಳಗಿನ ಹೊತ್ತಿಗೆ ಇಟ್ಟುಕೊಂಡೆ. ಏಪ್ರಿಲಿನ ದಾವಣಗೆರೆಯ ಮಧ್ಯಾಹ್ನದಲ್ಲಿ ಶೀಟಿನ ಕೆಳಗೆ ರಫ್ ಕಟ್ ತೆಗೆದ ಅಲ್ಯೂಮಿನಿಯಂ ಜಾಬು ಕೈಗೆ ಸುಡುವಷ್ಟು ಬಿಸಿಯಾಗಿರುತ್ತದೆ. ಆಗ ಅಳೆದ ಬೋರ್ ತಣ್ಣಗಾದ ಮೇಲೆ ಚಿಕ್ಕದಾಗಿರುತ್ತದೆ. 20 ಡಿಗ್ರಿ ವ್ಯತ್ಯಾಸವಿದ್ದರೂ 50 ಮಿ.ಮೀ.ಗೆ 0.02 ಮಿ.ಮೀ.ಗಿಂತ ಹೆಚ್ಚು ತಪ್ಪುತ್ತದೆ, ಅಂದರೆ ನಾವು ಇಷ್ಟೆಲ್ಲ ಲೆಕ್ಕ ಹಾಕಿ ಇಟ್ಟ ಟೈಟಿನ ಅರ್ಧದಷ್ಟು. ರಾತ್ರಿಯಿಡೀ ಆರಲು ಬಿಟ್ಟು, ಹೊಸ ಟಿಪ್ ಹಾಕಿ, ಲೋಹ ಟೂಲಿನ ತುದಿಗೆ ಮೆತ್ತಿಕೊಳ್ಳದಂತೆ ಸೀಮೆಎಣ್ಣೆ ಸವರುತ್ತಾ ಕೊನೆಯ ತೆಳು ಕಟ್ ತೆಗೆದೆ.

ಸ್ಟಡ್ ತೂತುಗಳಿಗೆ ಪಿ.ಸಿ.ಡಿ. (ತೂತುಗಳ ಸೆಂಟರ್‌ಗಳು ಕೂರುವ ವೃತ್ತದ ವ್ಯಾಸ) 3.75 ಇಂಚು, ಅಂದರೆ 95.25 ಮಿ.ಮೀ. ಮಿಲ್ಲಿಂಗ್ ಯಂತ್ರದ ಮೇಲೆ ಸೆಂಟರಿನಿಂದ ಉದ್ದಕ್ಕೂ ಅಡ್ಡಕ್ಕೂ ಎರಡೂ ಕಡೆಗೆ 33.676 ಮಿ.ಮೀ. ಸರಿಸಿದರೆ ನಾಲ್ಕು ತೂತುಗಳೂ ಸ್ಥಾನಕ್ಕೆ ಬರುತ್ತವೆ. 3/8 ಇಂಚಿನ ಯು.ಎನ್‌.ಎಫ್. (ಇಂಚು ಅಳತೆಯ ಸಣ್ಣ ಥ್ರೆಡ್) ಸ್ಟಡ್‌ಗಳನ್ನು ಮಾತ್ರ ನಾನು ಮಾಡಲಿಲ್ಲ, 10.9 ದರ್ಜೆಯವನ್ನು ಕೊಂಡುಕೊಂಡೆ. ಲೇತಿನಲ್ಲಿ ಕತ್ತರಿಸಿದ ಥ್ರೆಡ್ಡಿಗಿಂತ ಕಾರ್ಖಾನೆಯಲ್ಲಿ ರೋಲ್ ಮಾಡಿದ ಥ್ರೆಡ್ ಮತ್ತೆ ಮತ್ತೆ ಬೀಳುವ ಭಾರದಿಂದ ಲೋಹಕ್ಕಾಗುವ ದಣಿವನ್ನು ಹೆಚ್ಚು ತಡೆಯುತ್ತದೆ. ಚಕ್ರವನ್ನು ಹಿಡಿದಿರುವ ವಸ್ತುವಿನಲ್ಲಿ ಉಳಿತಾಯ ನೋಡುವ ಅಭ್ಯಾಸ ನನಗಿಲ್ಲ.

ಅನೋಡೈಸಿಂಗಿಗೆ ಕಳಿಸುವಾಗ ಬೇರಿಂಗ್ ಬೋರ್‌ಗಳಿಗೆ ರಬ್ಬರ್ ಬಿರಡೆ ಹಾಕಿ ಮುಚ್ಚಿಸಿದೆ, ಏಕೆಂದರೆ ಆ ಪದರ ಬೆಳೆದರೆ ಬೋರ್‌ನ ಅಳತೆಯೇ ಬದಲಾಗುತ್ತದೆ. ಬಂದ ಮೇಲೆ ಕಪ್‌ಗಳನ್ನು ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಯೂ ಹಬ್‌ಗಳನ್ನು ಎಲೆಕ್ಟ್ರಿಕ್ ಓವನ್ನಿನಲ್ಲಿ 130 ಡಿಗ್ರಿಯಲ್ಲಿಯೂ ಇಟ್ಟೆ. ಗ್ಯಾಸ್ ಜ್ವಾಲೆ ಹಿಡಿಯಕೂಡದು. ಅಲ್ಯೂಮಿನಿಯಂ ಉಕ್ಕಿನಂತೆ ಬಣ್ಣ ತೋರಿಸುವುದಿಲ್ಲವಾದ್ದರಿಂದ ಹದ ಕೆಟ್ಟದ್ದು ಕಣ್ಣಿಗೆ ಕಾಣುವುದೇ ಇಲ್ಲ. 100 ಡಿಗ್ರಿ ಏರಿಕೆಗೆ ಬೋರ್ 0.115 ಮಿ.ಮೀ. ಹಿಗ್ಗಿರುತ್ತದೆ, ಕಪ್ ಇತ್ತ ಕುಗ್ಗಿರುತ್ತದೆ. ಕೈಗವಸು ತೊಟ್ಟು ಕಪ್ಪನ್ನು ಬೋರ್‌ನೊಳಗೆ ಬಿಟ್ಟರೆ ಸುತ್ತಿಗೆಯ ಪೆಟ್ಟಿಲ್ಲದೆ ಟಣ್ಣೆಂದು ತಳ ಸೇರುತ್ತದೆ. ತಣ್ಣಗಾಗುವವರೆಗೆ ಹಿತ್ತಾಳೆಯ ತುಂಡಿನಿಂದ ಒತ್ತಿ ಹಿಡಿಯಬೇಕು, ಇಲ್ಲವಾದರೆ ಕಪ್ ಮೇಲಕ್ಕೆ ಸರಿದು ನಿಲ್ಲಬಹುದು.

ಗ್ರೀಸ್ ತುಂಬಿ ಜೋಡಿಸಿ, ಎಂಡ್ ಪ್ಲೇ (ಹಬ್ ಶಾಫ್ಟಿನ ಉದ್ದಕ್ಕೆ ಆಡುವ ಸಡಿಲ) 0.08 ಮಿ.ಮೀ. ಆಸುಪಾಸು ಇಟ್ಟು, ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಓಡಿಸಿ ಬೇಕೆಂದೇ ಮೇಲಿಂದ ಮೇಲೆ ಬ್ರೇಕ್ ಹಾಕಿ ನೋಡಿದೆವು. ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಅಲ್ಯೂಮಿನಿಯಂ ಮೇಲೆ ಕಡಿಮೆ ತೋರಿಸುವುದರಿಂದ ಹಬ್‌ಗೆ ಮೊದಲೇ ಕಪ್ಪು ಬಣ್ಣದ ಬೊಟ್ಟಿಟ್ಟಿದ್ದೆ. ಕಪ್ ಮತ್ತು ಹಬ್‌ಗೆ ಸೇರಿಸಿ ಎಳೆದಿದ್ದ ಗುರುತಿನ ಗೆರೆ ವಾಪಸ್ ಬಂದು ಬಿಚ್ಚಿ ನೋಡಿದಾಗ ಒಂದಿಷ್ಟೂ ಕದಲಿರಲಿಲ್ಲ. ಪ್ರತಿ 5,000 ಕಿ.ಮೀ.ಗೆ ಒಮ್ಮೆ ಬಿಚ್ಚಿ ಫ್ಲ್ಯಾಂಜಿನ ಮೂಲೆಗೆ ಡೈ ಪೆನಿಟ್ರಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ಬಣ್ಣ) ಹಾಕಿ ಬಿರುಕು ನೋಡಬೇಕೆಂದು ಬರೆದುಕೊಟ್ಟಿದ್ದೇನೆ.

ಹಿಂದಿನ ಹಬ್‌ಗಳನ್ನೂ ಹೀಗೆಯೇ ಮಾಡಿಕೊಡಿ ಎಂದು ಗಿರಾಕಿ ಕೇಳಿದರು, ನಾನು ಒಪ್ಪಲಿಲ್ಲ. ಹಿಂದಿನ ಹಬ್ ಟೇಪರ್ ಶಾಫ್ಟಿನ ಮೇಲೆ ಕೀಲಿಯೊಡನೆ ಕೂತು ಎಂಜಿನ್ನಿನ ಎಳೆತವನ್ನೆಲ್ಲ ಹೊರುತ್ತದೆ. ಅಲ್ಯೂಮಿನಿಯಂನಲ್ಲಿ ಕೀಲಿ ಕೂರುವ ತೋಡು ಆ ಹೊಡೆತಕ್ಕೆ ನಜ್ಜುಗುಜ್ಜಾಗುತ್ತದೆ. ಅಲ್ಲಿ ಹಳೆಯ ಉಕ್ಕಿನ ಹಬ್‌ಗಳೇ ಇವೆ, ಹೊಸ ಕೀಲಿ ಮಾತ್ರ ಕಡೆದು ಹಾಕಿಕೊಟ್ಟೆ.