ಆಂತಿಗುವಾದಲ್ಲಿ ಸ್ಪ್ಯಾನಿಷ್: ಬೆಳಿಗ್ಗೆ ಪಾಠ, ಮಧ್ಯಾಹ್ನ ಸಂತೆ

ಗ್ವಾಟೆಮಾಲಾದ ಆಂತಿಗುವಾ ಊರಿನ ಸ್ಪ್ಯಾನಿಷ್ ಶಾಲೆಗಳಲ್ಲಿ ಸಾಮಾನ್ಯವಾಗಿ ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಶಿಕ್ಷಕರು. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ ಪಾಠ. ನಾನು ಮೊದಲ ನಾಲ್ಕು ವಾರ, ಅಂದರೆ 80 ಗಂಟೆ, ಬರೀ ಭಾಷೆಗೆ ಇಟ್ಟೆ. ಐದನೇ ವಾರದಿಂದ ಬೆಳಿಗ್ಗೆ ಪಾಠ, ಮಧ್ಯಾಹ್ನ ಸ್ವಯಂಸೇವೆ. ಮೊದಲ ದಿನವೇ ಸೇವೆಗೆ ಇಳಿದರೆ ಅಲ್ಲಿನ ಸಿಬ್ಬಂದಿಗೆ ನಮ್ಮನ್ನು ನೋಡಿಕೊಳ್ಳುವುದೇ ಇನ್ನೊಂದು ಕೆಲಸ ಆಗುತ್ತದೆ.

ಕನ್ನಡದವರಿಗೆ ಸ್ಪ್ಯಾನಿಷ್ ಉಚ್ಚಾರ ಅರ್ಧ ಬಂದೇ ಇರುತ್ತದೆ. ಅದರ ತ, ದ ನಮ್ಮ ತ, ದಗಳೇ. ಇಂಗ್ಲಿಷಿನ ರೂಢಿಯಲ್ಲಿ ಟೊಮೆಟೊ ಅನ್ನುವ ನಾಲಿಗೆಯನ್ನು ಹಲ್ಲಿಗೆ ತಂದರೆ ‘ತೊಮಾತೆ’ ಸರಿಯಾಗುತ್ತದೆ. ‘ಪೆರೊ’ ಅಂದರೆ ಆದರೆ, ‘ಪೆರ್ರೊ’ ಅಂದರೆ ನಾಯಿ. ರ ಮತ್ತು ರ್ರ ಬೇರೆ ಮಾಡಿ ಹೇಳಲು ನಮಗೆ ಕಷ್ಟವಿಲ್ಲ. ವಾಕ್ಯದಲ್ಲೂ ಒಂದು ದೊಡ್ಡ ಅನುಕೂಲ ಇದೆ. ‘ಮೆ ಗುಸ್ತಾ ಎಲ್ ಕಾಫೆ’ ಎಂಬುದು ಥೇಟ್ ‘ನನಗೆ ಕಾಫಿ ಇಷ್ಟ’. ‘ಮೆ ದುವೇಲೆ ಲಾ ಕಬೇಸಾ’ ಅಂದರೆ ‘ನನಗೆ ತಲೆ ನೋಯುತ್ತೆ’. ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲಿ ದಿನಗಟ್ಟಲೆ ಒದ್ದಾಡುತ್ತಾರೆ. ಹಾಗಾಗಿ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಇದನ್ನು ಒತ್ತಿ ಹೇಳುತ್ತೇನೆ. ‘ಬಂದೆ’ ಅಂದರೆ ನಾನು ಎಂದು ಬೇರೆ ಹೇಳಬೇಕಿಲ್ಲವಲ್ಲ, ಅಲ್ಲೂ ಹಾಗೇ.

ನಾವು ಎಡವುವುದು ಲಿಂಗದಲ್ಲಿ, ಮತ್ತು ನಾಮಪದಕ್ಕೆ ಮೊದಲು ಬರುವ ಎಲ್ (ಗಂಡು), ಲಾ (ಹೆಣ್ಣು)ಗಳಲ್ಲಿ. ಕನ್ನಡದಲ್ಲಿ ಮೇಜಿಗೆ ಗಂಡು ಹೆಣ್ಣು ಇಲ್ಲ, ಆದ್ದರಿಂದ ನಮ್ಮ ಬಾಯಲ್ಲಿ ಅವು ಬಿಟ್ಟೇ ಹೋಗುತ್ತವೆ. ಮದ್ದು ಒಂದೇ: ಪದವನ್ನು ಬರಿದಾಗಿ ಬರೆಯಬೇಡಿ. ಕೈಗೆ ‘ಮಾನೊ’ ಅಲ್ಲ, ‘ಲಾ ಮಾನೊ’. ಸಮಸ್ಯೆಗೆ ‘ಪ್ರೊಬ್ಲೇಮಾ’ ಅಲ್ಲ, ‘ಎಲ್ ಪ್ರೊಬ್ಲೇಮಾ’. ಇನ್ನೊಂದು, ಹೂಂಗುಟ್ಟುವಾಗ ತಲೆಯನ್ನು ಅಕ್ಕಪಕ್ಕ ಆಡಿಸುವ ನಮ್ಮ ಅಭ್ಯಾಸ ಅಲ್ಲಿ ‘ಇಲ್ಲ’ ಅನ್ನಿಸಿಬಿಡುತ್ತದೆ. ಬಾಯಿ ಬಿಟ್ಟು ‘ಸೀ’ ಅನ್ನಿ.

ಊರು ಚದುರಂಗದ ಮಣೆಯ ಹಾಗೆ. ಅವೆನೀದಾ ಎಂಬ ಬೀದಿಗಳು ಉತ್ತರ-ದಕ್ಷಿಣ, ಕಾಯ್ಯೆ ಎಂಬವು ಪೂರ್ವ-ಪಶ್ಚಿಮ. ನಡುವಿನ ಉದ್ಯಾನ ಪಾರ್ಕೆ ಸೆಂತ್ರಾಲ್‌ನಿಂದ ಆಚೆಗೆ ನೋರ್ತೆ (ಉತ್ತರ), ಸುರ್ (ದಕ್ಷಿಣ), ಒರಿಯೆಂತೆ (ಪೂರ್ವ), ಪೊನಿಯೆಂತೆ (ಪಶ್ಚಿಮ) ಎಂದು ವಿಳಾಸ ಒಡೆಯುತ್ತದೆ. ಸಾಂತಾ ಕತಾಲಿನಾ ಕಮಾನು ಇರುವುದು 5ನೇ ಅವೆನೀದಾ ನೋರ್ತೆಯಲ್ಲಿ. ಬರೀ 5ನೇ ಅವೆನೀದಾ ಅಂದರೆ ಉದ್ಯಾನದ ದಕ್ಷಿಣಕ್ಕೆ ಹೋಗಿ ನಿಂತಿರುತ್ತೀರಿ. ದಾರಿ ತಪ್ಪಿದರೆ 3,760 ಮೀಟರಿನ ಆಗುವಾ ಜ್ವಾಲಾಮುಖಿ ಹುಡುಕಿ, ಅದು ದಕ್ಷಿಣ. ಮಳೆಗಾಲದಲ್ಲಿ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಮಧ್ಯಾಹ್ನ ಮೋಡ ಅದನ್ನು ಮುಚ್ಚುತ್ತದೆ. ಸೆರ್ರೊ ದೆ ಲಾ ಕ್ರೂಸ್ ಗುಡ್ಡವನ್ನೂ ಬೆಳಿಗ್ಗೆಯೇ ಹತ್ತಿ, ಒಬ್ಬರೇ ಬೇಡ. 1773ರ ಭೂಕಂಪದಲ್ಲಿ ಕುಸಿದ ಚರ್ಚು, ಮಠಗಳ ನಡುವೆ ಕಲ್ಲು ಹಾಸಿದ ಬೀದಿಗಳು. ತೆಳು ಅಟ್ಟೆಯ ಚಪ್ಪಲಿಗೆ ಪಾದ ನೋಯುತ್ತದೆ.

ಬೆಳಿಗ್ಗೆ ಕಲಿತ ಒಂದು ವ್ಯಾಕರಣಕ್ಕೆ ಮಧ್ಯಾಹ್ನ ಊರಲ್ಲಿ ಒಂದೇ ಕೆಲಸ ಜೋಡಿಸಬೇಕು. ಸಂಖ್ಯೆ ಕಲಿತ ದಿನ ಸಂತೆ. ಭೂತಕಾಲ ಕಲಿತ ದಿನವೂ ಸಂತೆಗೇ ಹೋಗಿ, ಮರುದಿನ ಏನು ಕೊಂಡಿರಿ, ಎಷ್ಟು ಕೊಟ್ಟಿರಿ ಎಂದು ಶಿಕ್ಷಕರಿಗೆ ಒಪ್ಪಿಸಿ. ಮಾರುಕಟ್ಟೆ ಊರಿನ ಪಶ್ಚಿಮಕ್ಕೆ, ಅಲಮೇದಾ ಸಾಂತಾ ಲೂಸಿಯಾ ರಸ್ತೆ ದಾಟಿದರೆ ಬಸ್ ನಿಲ್ದಾಣದ ಪಕ್ಕ. ತೂಕ ಲಿಬ್ರಾದಲ್ಲಿ, ಸುಮಾರು 450 ಗ್ರಾಂ. ನಿಂಬೆಹಣ್ಣು, ಕಿತ್ತಳೆಯಂಥದ್ದು ‘ಉನಾ ಮಾನೊ’, ಒಂದು ಕೈ ಲೆಕ್ಕ, ಅಂದರೆ ಐದು. ‘ಗುಯಿಸ್ಕಿಲ್’ ಎಂದು ರಾಶಿ ಹಾಕಿರುವುದು ನಮ್ಮ ಸೀಮೆಬದನೆಕಾಯಿ. ಅದರ ತವರು ಆ ಸೀಮೆಯೇ. ಅಂಗಡಿಯವರು ‘ಫೀಹೆಸೆ ಕೆ...’ ಎಂದು ಶುರು ಮಾಡಿದರೆ ಉತ್ತರ ‘ಇಲ್ಲ’ ಎಂದೇ ತಿಳಿಯಿರಿ. ‘ನೋಡಿ, ಏನಾಯ್ತಂದ್ರೆ...’ ಅನ್ನುವ ನಮ್ಮ ರಾಗವೇ ಅದು.

ಸಸ್ಯಾಹಾರಿಗಳು ‘ನೋ ಕೋಮೊ ಕಾರ್ನೆ’ (ನಾನು ಮಾಂಸ ತಿನ್ನಲ್ಲ) ಎಂದರೆ ಸಾಲದು. ‘ಕಾರ್ನೆ’ಯಲ್ಲಿ ಕೋಳಿ ಸೇರದು ಎಂದು ತಿಳಿಯುವವರಿದ್ದಾರೆ. ‘ನಿ ಪೋಯ್ಯೊ, ನಿ ಪೆಸ್ಕಾದೊ’ (ಕೋಳಿಯೂ ಇಲ್ಲ, ಮೀನೂ ಇಲ್ಲ) ಎಂದು ಸೇರಿಸಿ. ಹುರುಳಿಕಾಯಿ ಬೀಜದ ಪಲ್ಯಕ್ಕೆ ಹಂದಿಯ ಕೊಬ್ಬು, ಸೂಪಿಗೆ ಕೋಳಿ ಸಾರು ಹಾಕುವುದುಂಟು, ‘ಯೇವಾ ಮಾಂತೇಕಾ?’ (ಕೊಬ್ಬು ಹಾಕಿದೆಯಾ?) ಎಂದು ಕೇಳಿ. ಉಳಿದುಕೊಳ್ಳಲು ಶಾಲೆ ಗೊತ್ತುಮಾಡುವ ಮನೆಯಲ್ಲಿ ಇದನ್ನು ಮೊದಲ ದಿನವೇ ಹೇಳಿ, ಬೇರೆ ವಿದೇಶಿ ವಿದ್ಯಾರ್ಥಿಗಳಿಲ್ಲದ ಮನೆಯನ್ನೇ ಕೇಳಿ ಪಡೆಯಿರಿ. ಇದ್ದರೆ ಊಟದ ಮಾತೆಲ್ಲ ಇಂಗ್ಲಿಷಿಗೆ ಜಾರುತ್ತದೆ. ಕುಡಿಯಲು ನಲ್ಲಿ ನೀರು ಬೇಡ, ‘ಆಗುವಾ ಪೂರಾ’ (ಶುದ್ಧೀಕರಿಸಿದ ನೀರು) ಮಾತ್ರ.

ಹತ್ತಿರದ ಹಳ್ಳಿಗಳಿಗೆ ಕಮಿಯೊನೇತಾ, ಅಂದರೆ ಬಣ್ಣ ಬಳಿದ ಅಮೆರಿಕದ ಹಳೆಯ ಶಾಲಾ ಬಸ್ಸುಗಳು. ಹಣ ಬಸ್ಸಿನಲ್ಲೇ ‘ಆಯುದಾಂತೆ’ಗೆ (ಚಾಲಕನ ಸಹಾಯಕ) ಕೊಡಬೇಕು, ಅಲ್ಲಿನ ಹಣ ಕೆತ್ಸಾಲ್, 100ರ ನೋಟು ಹಿಡಿದರೆ ಚಿಲ್ಲರೆ ಸಿಗದು, 5, 10ರ ನೋಟು ಇಟ್ಟುಕೊಳ್ಳಿ. ಕತ್ತಲಾಗುವ ಮೊದಲು ಮರಳಿ.

ಸ್ವಯಂಸೇವೆಗೆ ಭಾರತದಿಂದ ಹೊರಡುವ ಮುಂಚೆಯೇ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ಮಕ್ಕಳ ಕೆಲಸಕ್ಕೆ ಅದನ್ನು ಕೇಳದ ಸಂಸ್ಥೆಯನ್ನು ನಾನು ನಂಬುವುದಿಲ್ಲ. ಸ್ವಯಂಸೇವಕರು ಇಲ್ಲದ ವಾರ ಈ ಕೆಲಸ ಯಾರು ಮಾಡುತ್ತಾರೆ ಎಂದು ಕೇಳಿ. ಸ್ಥಳೀಯರೊಬ್ಬರ ಹೆಸರು ಬರಬೇಕು. ಮಕ್ಕಳೊಡನೆ ಒಂದೆರಡು ದಿನ ಆಡಿ ಫೋಟೊ ತೆಗೆಸಿಕೊಂಡು ಹೋಗುವ ಏರ್ಪಾಡು ಇದ್ದರೆ ಬಿಟ್ಟುಬಿಡಿ, ಅದು ಮಕ್ಕಳಿಗೆ ಒಳ್ಳೆಯದಲ್ಲ. ಸೇವೆಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗ ಬೇಕಾಗುವುದು ಆಜ್ಞಾರ್ಥ: ‘ಸಿಯೆಂತೆನ್ಸೆ’, ಕುಳಿತುಕೊಳ್ಳಿ, ‘ಗ್ವಾರ್ದೆನ್ ಲೋಸ್ ಲಾಪಿಸೆಸ್’, ಪೆನ್ಸಿಲ್ ಎತ್ತಿಡಿ. ಹಲವರನ್ನು ಸಲಿಗೆಯಿಂದ ‘ನೀವು’ ಅನ್ನುವ ಸ್ಪೇನಿನ ‘ಬೊಸೋತ್ರೊಸ್’ ರೂಪ ಇಲ್ಲಿ ಬಳಕೆಯಲ್ಲಿಲ್ಲ, ಆ ಪಟ್ಟಿ ಬಾಯಿಪಾಠ ಮಾಡಬೇಡಿ. ಮಕ್ಕಳು ಹೆಂಗಸರನ್ನು ‘ಸೇನ್ಯೊ’, ಗಂಡಸರನ್ನು ‘ಪ್ರೊಫೆ’ ಎಂದು ಕರೆಯುತ್ತಾರೆ.

ಸುತ್ತಲ ಹಳ್ಳಿಗಳ ಎಷ್ಟೋ ಅಜ್ಜಿಯರ ಮನೆಮಾತು ಕಕ್ಚಿಕೆಲ್ ಎಂಬ ಮಾಯಾ ಭಾಷೆ. ಸ್ಪ್ಯಾನಿಷ್ ಅವರಿಗೂ ಆಮೇಲೆ ಬಂದ ಭಾಷೆ. ಮೊಮ್ಮಗುವನ್ನು ಕರೆದೊಯ್ಯಲು ಬಂದ ಅಜ್ಜಿಗೆ ಧನ್ಯವಾದ ಹೇಳಲು ಸ್ಪ್ಯಾನಿಷಿನ ‘ಗ್ರಾಸಿಯಾಸ್’ ಬದಲು ಕಕ್ಚಿಕೆಲ್‌ನ ‘ಮಾತ್ಯೋಶ್’ ಅಂದು ನೋಡಿ.