ಆರ್ಕಿಡ್‌ಗೆ ಹೊಸ ಕುಂಡ: ಬೇರಿಗೆ ಗಾಳಿ ಬೇಕು, ಬುಡ ಅಲ್ಲಾಡಬಾರದು

ಹೂವಿದ್ದಾಗ ತಂದ ಆರ್ಕಿಡ್ ಕೆಲವೇ ತಿಂಗಳಲ್ಲಿ ಎಲೆ ಸುಕ್ಕುಗಟ್ಟಿ ಸೊರಗಿದರೆ ನೀರು ಸಾಲಲಿಲ್ಲ ಎಂದುಕೊಳ್ಳುವವರೇ ಹೆಚ್ಚು. ಕುಂಡ ಬೋರಲು ಹಾಕಿ ನೋಡಿದರೆ ಬೇರೆಲ್ಲ ಕೊಳೆತು ಲೋಳೆಯಾಗಿರುತ್ತದೆ. ಬೇರಿಲ್ಲದ ಗಿಡಕ್ಕೆ ನೀರು ಕುಡಿಯಲು ದಾರಿಯೇ ಇಲ್ಲ. ಎಲೆ ಬಾಡಿತೆಂದು ಮತ್ತೆ ಮತ್ತೆ ನೀರು ಸುರಿದರೆ ಉಳಿದ ಎರಡು ಬೇರೂ ಹೋಗುತ್ತವೆ. ನಾವು ಮನೆಯಲ್ಲಿ ಬೆಳೆಸುವ ಫೆಲನಾಪ್ಸಿಸ್, ಡೆಂಡ್ರೋಬಿಯಂಗಳು ಹುಟ್ಟಾ ಮರ ಹಿಡಿದು ಬದುಕುವ ಗಿಡಗಳು, ಮಲೆನಾಡಿನ ಸೀತಾಳೆ ದಂಡೆಯ ಹಾಗೆ. ಮಳೆಗೆ ನೆನೆದು ಗಾಳಿಗೆ ಬೇಗ ಆರಬೇಕಾದ ಬೇರು ಅದು. ಕೆಂಪು ಮಣ್ಣು, ತೋಟದ ಗೊಬ್ಬರ ಒಂದು ಹಿಡಿಯೂ ಬೇಡ.

ಯಾವಾಗ?

ಹೂ ಉದುರಿ, ಬುಡದಲ್ಲಿ ಹೊಸ ಬೇರಿನ ಹಸಿರು ತುದಿ ಇಣುಕಿದಾಗ. ತುಮಕೂರಿನ ಹವೆಗೆ ಮೇ ಕೊನೆಯಿಂದ ಜುಲೈವರೆಗಿನ ಕಾಲ ಒಳ್ಳೆಯದು. ಮಾರ್ಚ್, ಏಪ್ರಿಲ್‌ನ ಒಣಗಾಳಿಯಲ್ಲಿ ಬೇರು ಕೆದಕಿದರೆ ಗಿಡ ತಿಂಗಳುಗಟ್ಟಲೆ ಸುಧಾರಿಸಿಕೊಳ್ಳುವುದಿಲ್ಲ. ಡಿಸೆಂಬರ್ ಚಳಿಗೆ ಹೊಸ ಬೇರು ಬಿಡುವುದೇ ಕಡಿಮೆ. ಬೇರು ಕೊಳೆತಿದೆ ಎಂದು ಗೊತ್ತಾದರೆ ಮಾತ್ರ ಕಾಲ ನೋಡಬೇಡಿ, ಅವತ್ತೇ ಬಿಚ್ಚಿ.

ಕುಂಡಕ್ಕೆ ಏನು ತುಂಬಬೇಕು?

ತಿಪಟೂರು ಪಕ್ಕದಲ್ಲೇ ಇರುವಾಗ ದುಬಾರಿ ಪೈನ್ ತೊಗಟೆ ತರಿಸುವ ಅಗತ್ಯವಿಲ್ಲ. ತೆಂಗಿನಕಾಯಿ ಸುಲಿದ ಒಣ ಮಟ್ಟೆಯನ್ನು ಎರಡು ಸೆಂಟಿಮೀಟರಿನ ತುಂಡು ಮಾಡಿ ಮೂರು ದಿನ ನೆನೆಸಿ. ದಿನಾ ನೀರು ಬದಲಿಸಿ. ಮೊದಲ ದಿನ ನೀರು ಕಾಫಿ ಡಿಕಾಕ್ಷನ್ನಿನಂತೆ ಬರುತ್ತದೆ. ಮಟ್ಟೆಯ ಒಗರಿನ ಜೊತೆ ಉಪ್ಪೂ ಅದರಲ್ಲಿ ಹೋಗುತ್ತದೆ. ನೀರು ತಿಳಿಯಾಗುವವರೆಗೆ ಬಳಸಬೇಡಿ. ಇದ್ದಿಲು ಇಸ್ತ್ರಿ ಅಂಗಡಿಯವರು ಉರಿಸುವ ಸೌದೆ ಇದ್ದಿಲೇ ಆಗಬೇಕು, ಪುಡಿ ಪೂರ್ತಿ ತೊಳೆದುಹೋಗಬೇಕು. ಅಚ್ಚು ಹಾಕಿ ಮಾಡಿದ ಇದ್ದಿಲಿನಲ್ಲಿ ಅಂಟು ಇರುತ್ತದೆ, ಅದು ಬೇಡ. ಫೆಲನಾಪ್ಸಿಸ್‌ಗೆ ಅಡಿಕೆ ಗಾತ್ರದ ಇದ್ದಿಲು, ಮಟ್ಟೆ ಸಮಸಮ. ಡೆಂಡ್ರೋಬಿಯಂಗೆ ಎರಡು ಪಾಲು ಇದ್ದಿಲು, ಒಂದು ಪಾಲು ಹೆಂಚಿನ ಚೂರು, ಒಂದು ಪಾಲು ಮಟ್ಟೆ.

ಆರ್ಕಿಡ್ ಮಿಶ್ರಣ ಎಂಬ ಹೆಸರಿನ ಕೆಲವು ಪ್ಯಾಕೆಟ್‌ಗಳಲ್ಲಿ ಅರ್ಧಕ್ಕರ್ಧ ಕೊಕೊಪಿಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ಇರುತ್ತದೆ. ಅದು ಗುಲಾಬಿಗೆ ಹಾಕಿ, ಆರ್ಕಿಡ್ ಹತ್ತಿರ ತರಬೇಡಿ.

ಕುಂಡ ದೊಡ್ಡದಾದಷ್ಟೂ ಕೆಡುಕು. ಬೇರಿನ ಗೊಂಚಲಿನ ಸುತ್ತ ಒಂದೊಂದು ಬೆರಳು ಜಾಗ ಸಾಕು. ಡೆಂಡ್ರೋಬಿಯಂಗೆ ಪಕ್ಕದಲ್ಲೂ ತೂತಿರುವ ಮಣ್ಣಿನ ಕುಂಡಕ್ಕಿಂತ ಒಳ್ಳೆಯದು ಯಾವುದೂ ಇಲ್ಲ.

ಬೇರು ಬಿಡಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ. ಹಳೆಯ ಕುಂಡವನ್ನು 20 ನಿಮಿಷ ನೀರಲ್ಲಿ ಇಳಿಬಿಡಿ. ನೆಂದ ಬೇರು ಬಾಗುತ್ತದೆ, ಒಣ ಬೇರು ಲಟಕ್ಕನೆ ಮುರಿಯುತ್ತದೆ. ಗೋಡೆಗೆ ಕಚ್ಚಿದ ಬೇರನ್ನು ಬೆಣ್ಣೆ ಹಚ್ಚುವ ಮೊಂಡು ಚಾಕುವಿನಿಂದ ಸವರಿ ಬಿಡಿಸಿ. ಬಿಡದಿದ್ದರೆ ಕುಂಡ ಒಡೆಯಿರಿ, ಬೇರು ಎಳೆಯಬೇಡಿ.

ಹೊರಗಿನದೆಲ್ಲ ಉದುರಿದ ಮೇಲೂ ಕೆಲಸ ಮುಗಿದಿಲ್ಲ. ನರ್ಸರಿಯಿಂದ ಬಂದ ಫೆಲನಾಪ್ಸಿಸ್‌ನ ನಟ್ಟನಡುವೆ, ಗಿಡ ಮರಿಯಾಗಿದ್ದಾಗ ಇಟ್ಟ ಸ್ಫ್ಯಾಗ್ನಮ್ ಪಾಚಿಯ ಉಂಡೆ ಅಡಗಿರುತ್ತದೆ. ಕೆಲವೊಮ್ಮೆ ಅದಕ್ಕೊಂದು ಪ್ಲಾಸ್ಟಿಕ್ ಬುಟ್ಟಿಯೂ ಇರುತ್ತದೆ. ಮೇಲೆಲ್ಲ ಆರಿದರೂ ಈ ಉಂಡೆ ವಾರಗಟ್ಟಲೆ ಆರುವುದಿಲ್ಲ, ಕೊಳೆತ ಶುರುವಾಗುವುದೇ ಅಲ್ಲಿಂದ. ಬೇರುಗಳ ಮಧ್ಯೆ ಕಡ್ಡಿ ತೂರಿಸಿ, ನಲ್ಲಿಯ ಸಣ್ಣ ಧಾರೆಗೆ ಹಿಡಿದು ಎಳೆ ಎಳೆಯಾಗಿ ತೆಗೆಯಿರಿ. ಬುಟ್ಟಿಯನ್ನು ಕತ್ತರಿಸಿ ಹೊರತೆಗೆಯಿರಿ. ಅರ್ಧ ಗಂಟೆ ಹಿಡಿದರೂ ಇದನ್ನು ಬಿಟ್ಟು ಮುಂದೆ ಹೋಗಬಾರದು.

ಯಾವ ಬೇರು ಸತ್ತಿದೆ ಎಂದು ಬಣ್ಣ ನೋಡಿ ಹೇಳಲಾಗದು. ಬೆಳಕು ಕಾಣದ ಬೇರು ಹಳದಿಯಾಗಿದ್ದರೂ ಕಂದಾಗಿದ್ದರೂ ಜೀವಂತ ಇರಬಹುದು. ಎರಡು ಬೆರಳಲ್ಲಿ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಉಳಿಸಿ. ಪುಸಕ್ಕನೆ ಒಳಗೆ ಹೋದರೆ, ಸಿಪ್ಪೆ ಜಾರಿ ನಡುವಿನ ದಾರ ಮಾತ್ರ ಉಳಿದರೆ, ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಚೆಂದ ಕಾಣಲೆಂದು ಒಳ್ಳೆಯ ಬೇರನ್ನು ಮೋಟು ಮಾಡಬೇಡಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಗ್ಯಾಸ್ ಒಲೆಯ ಉರಿಗೆ ಹಿಡಿದು ಆರಿಸಿಕೊಳ್ಳಿ. ಮೊಸಾಯಿಕ್ ವೈರಸ್ ಕತ್ತರಿಯ ಬಾಯಲ್ಲೇ ದಾಟುತ್ತದೆ, ಅಂಟಿದ ಮೇಲೆ ಅದಕ್ಕೆ ಔಷಧಿ ಇಲ್ಲ.

ದಾಲ್ಚಿನ್ನಿ ಪುಡಿಯನ್ನು ಬೇರಿಗೆಲ್ಲ ಎರಚುವವರಿದ್ದಾರೆ. ದಾಲ್ಚಿನ್ನಿ ನೀರು ಹೀರಿ ಒಳ್ಳೆಯ ಬೇರನ್ನೂ ಒಣಗಿಸುತ್ತದೆ. ದಂಟು ಕೊಯ್ದ ಗಾಯಕ್ಕೆ ಚಿಟಿಕೆ ಸವರಿದರೆ ಸಾಕು.

ಗಿಡವನ್ನು ನೆರಳಲ್ಲಿ ಒಂದು ರಾತ್ರಿ ಹಾಗೇ ಇಡಿ.

ಕೂರಿಸುವುದು

ಫೆಲನಾಪ್ಸಿಸ್‌ನ ಕೆಳಗಿನ ಎಲೆ ಕುಂಡದ ಮಟ್ಟಕ್ಕೆ ಬರಬೇಕು, ಕತ್ತು ಹೂತುಹೋಗಬಾರದು. ಡೆಂಡ್ರೋಬಿಯಂನ ಹಳೆಯ ದಂಟುಗಳನ್ನು ಅಂಚಿಗೆ ಒತ್ತಿ, ಹೊಸ ಚಿಗುರು ನಡುವಿಗೆ ಮುಖ ಮಾಡುವಂತೆ ಇಡಿ. ಮುಂದಿನ ಎರಡು ವರ್ಷ ಅದು ನಡೆಯುವುದು ಆ ಕಡೆಗೇ. ದಂಟಿನ ಬುಡ ಇದ್ದಿಲಿನ ಮೇಲೆ ಕೂತಿರಬೇಕು, ಒಳಗಲ್ಲ. ಸುತ್ತ ತುಂಡುಗಳನ್ನು ಹಾಕುತ್ತಾ ಕುಂಡದ ಪಕ್ಕಕ್ಕೆ ತಟ್ಟಿ, ಕಡ್ಡಿಯಿಂದ ಸಂದಿಗೆ ಇಳಿಸಿ. ಹೊರಗೇ ಬೆಳೆದ ಬೇರನ್ನು ಬಲವಂತವಾಗಿ ಒಳಗೆ ತುರುಕಬೇಡಿ.

ಈಗ ಗಿಡದ ಬುಡ ಹಿಡಿದು ನಿಧಾನಕ್ಕೆ ಎತ್ತಿ. ಕುಂಡವೂ ಜೊತೆಗೆ ಎದ್ದರೆ ಸರಿ. ಸಡಿಲವಾಗಿದ್ದರೆ ಗಾಳಿ ಬೀಸಿದಾಗಲೆಲ್ಲ ಬೇರಿನ ಎಳೆ ತುದಿ ಇದ್ದಿಲಿಗೆ ಉಜ್ಜಿ ಕರಟುತ್ತದೆ, ಕರಟಿದ ತುದಿ ಮುಂದೆ ಬೆಳೆಯುವುದಿಲ್ಲ. ಗೂಟ ಕೊಟ್ಟು ಹತ್ತಿಯ ದಾರದಿಂದ ಕಟ್ಟಿ.

ನೀರು

ಬೇರು ಕತ್ತರಿಸಿದ್ದರೆ ಐದು ದಿನ ಕುಂಡಕ್ಕೆ ನೀರಿಲ್ಲ. ಬೆಳಿಗ್ಗೆ ಎಲೆಗೆ ತುಂತುರು ಹೊಡೆದರೆ ಸಾಕು, ಸುಳಿಯಲ್ಲಿ ನೀರು ನಿಲ್ಲಬಾರದು. ಆಮೇಲೆ ತಳದಿಂದ ಸುರಿದುಹೋಗುವಷ್ಟು ಹಾಕಿ. ಮುಂದಿನ ಸಲ ಬೇರು ಹಸಿರಿನಿಂದ ಬೆಳ್ಳಿ ಬಣ್ಣಕ್ಕೆ ತಿರುಗಿದ ಮೇಲೆಯೇ. ಪಾವಗಡ, ಶಿರಾ, ಮಧುಗಿರಿ ಕಡೆಯ ಗಡಸು ಬೋರ್‌ವೆಲ್ ನೀರು ಕುಂಡದ ಮೇಲೆ ಬಿಳಿ ಪೊರೆ ಕಟ್ಟಿಸುತ್ತದೆ, ಬೇರಿನ ತುದಿ ಕಪ್ಪಾಗಿ ಸುಡುತ್ತದೆ. ಮಳೆ ನೀರನ್ನು ಡ್ರಮ್ಮಿಗೆ ಹಿಡಿದಿಡಿ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಹಾಕಲೇಬೇಡಿ, ಉಪ್ಪೆಲ್ಲ ಅದರಲ್ಲೇ ಸೇರಿರುತ್ತದೆ.

ಹೊಸ ಬೇರು ಕಂಡ ಮೇಲೆ ವಾರಕ್ಕೊಮ್ಮೆ ಲೀಟರಿಗೆ ಅರ್ಧ ಗ್ರಾಂ 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವ, ನೀರಲ್ಲಿ ಕರಗುವ ಗೊಬ್ಬರ). ಮೊದಲು ಬರೀ ನೀರು, ಆಮೇಲೆ ಗೊಬ್ಬರ.

ಒಂದನ್ನು ಎರಡು ಮಾಡುವುದು

ಎಲೆ ನೆಟ್ಟರೆ ಆರ್ಕಿಡ್ ಬರುವುದಿಲ್ಲ. ಅಂಥ ವಿಡಿಯೊಗಳನ್ನು ನಂಬಿ ಗಿಡ ಬೋಳು ಮಾಡಬೇಡಿ. ಬೀಜದ ಪ್ಯಾಕೆಟ್ ಕೊಳ್ಳುವುದೂ ವ್ಯರ್ಥ: ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೇಕಾದ ಆಹಾರ ಅದರೊಳಗಿಲ್ಲ. ಕಾಡಿನಲ್ಲಿ ಶಿಲೀಂಧ್ರ ಅದನ್ನು ಸಾಕುತ್ತದೆ, ಲ್ಯಾಬಿನಲ್ಲಿ ಸಕ್ಕರೆ ಬೆರೆಸಿದ ಅಗರ್ (ಕಡಲಪಾಚಿಯ ಜೆಲ್ಲಿ).

ಡೆಂಡ್ರೋಬಿಯಂನಲ್ಲಿ ಎಂಟು ದಂಟಾದ ಮೇಲೆ ಕುಂಡ ಬದಲಿಸುವಾಗಲೇ ನಾಲ್ಕು ನಾಲ್ಕಾಗಿ ಕೊಯ್ಯಿರಿ. ಮೂರಕ್ಕಿಂತ ಕಡಿಮೆ ಮಾಡಿದರೆ ಚಿಗುರು ಸಣಕಲಾಗಿ, ಹೂವಿಗೆ ವರ್ಷಗಳೇ ಕಾಯಬೇಕಾದೀತು. ಎಲೆ ಉದುರಿದ ಹಸಿರು ದಂಟನ್ನು ಮೂರು ಗೆಣ್ಣಿನ ತುಂಡು ಮಾಡಿ, ಹಿಂಡಿದ ಸ್ಫ್ಯಾಗ್ನಮ್ ಪಾಚಿಯ ಮೇಲೆ ಮಲಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿ ನೆರಳಿಗಿಟ್ಟರೆ ಎರಡು ಮೂರು ತಿಂಗಳಲ್ಲಿ ಗೆಣ್ಣು ಮೊಳೆಯಬಹುದು.

ಫೆಲನಾಪ್ಸಿಸ್‌ಗೆ ಒಂದೇ ಕಾಂಡ, ಅದನ್ನು ಹೀಗೆ ಪಾಲು ಮಾಡುವಂತಿಲ್ಲ. ಹೂದಂಟಿನ ಗೆಣ್ಣಲ್ಲಿ ತಾನಾಗಿ ಮರಿ ಬಂದರೆ ಅದೇ ಲಾಭ. ಎರಡು ಎಲೆ ಕಂಡ ಕೂಡಲೇ ಕತ್ತರಿಸುವ ಆತುರ ಬೇಡ. ಬೇರಿಲ್ಲದ ಮರಿ ವಾರದೊಳಗೆ ಬಾಡುತ್ತದೆ. ಮೂರು ಬೇರು, ಒಂದೊಂದೂ ಎರಡು ಇಂಚು ಆಗುವವರೆಗೆ ತಾಯಿಯ ಮೇಲೇ ಬಿಡಿ. ಆಮೇಲೆ ಎರಡೂ ಕಡೆ ಒಂದೊಂದು ಇಂಚು ಹೂದಂಟು ಉಳಿಸಿ ಕೊಯ್ದು, ಮೂರು ಇಂಚಿನ ಕುಂಡದಲ್ಲಿ ಹುಣಸೆಬೀಜದಷ್ಟು ಸಣ್ಣ ಇದ್ದಿಲು, ಮಟ್ಟೆಯ ಮಧ್ಯೆ ಕೂರಿಸಿ, ಉಳಿಸಿದ ಆ ತುಂಡನ್ನೇ ಕುಂಡಕ್ಕೆ ಕಟ್ಟಿ.