ಯಾರನ್ನು ಖಾಯಂ ಮಾಡೋದು? ಪ್ರೆಸ್ ನಡೆಸುತ್ತಾ ನಾನು ಮಾಡಿಕೊಂಡ ಲೆಕ್ಕ

ನಾನು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುತ್ತೇನೆ. ಇಲ್ಲಿ ಕೆಲವರಿಗೆ ನೇಮಕಾತಿ ಪತ್ರ, ತಿಂಗಳ ಸಂಬಳ, ವಿಮೆ, ಪಿಂಚಣಿ ಎಲ್ಲ ಇದೆ. ಕೆಲವರು ಸೀಸನ್‌ಗೆ ಬಂದು, ಪೀಸ್ ಲೆಕ್ಕದಲ್ಲಿ ದುಡಿದು, ದುಡ್ಡು ಎಣಿಸಿಕೊಂಡು ಹೋಗುತ್ತಾರೆ.

ಮಾಲೀಕರು ದುಡ್ಡು ಉಳಿಸೋಕೆ ಕೆಲವರನ್ನು ಖಾಯಂ ಮಾಡುವುದಿಲ್ಲ ಅಂತ ಜನ ಅನ್ನುತ್ತಾರೆ. ಅದು ಸುಳ್ಳಲ್ಲ. ಖಾಯಂ ಮಾಡಿದರೆ ವಿಮೆ, ಪಿಂಚಣಿಗೆ ನಮ್ಮ ಪಾಲು ಕಟ್ಟಬೇಕು. ರಜೆಗೂ ಸಂಬಳ ಕೊಡಬೇಕು. ಕೆಲಸದಿಂದ ತೆಗೆಯಬೇಕಾದರೆ ನೋಟಿಸ್, ಪರಿಹಾರ. ಎಷ್ಟೋ ದೇಶಗಳಲ್ಲಿ ಇಂತಿಷ್ಟು ಜನ ದಾಟಿದ ಮೇಲೆ ಹೊಸ ಕಾನೂನುಗಳು ಅನ್ವಯವಾಗುತ್ತವೆ. ಹಾಗಾಗಿ ಆ ಗೆರೆ ದಾಟದ ಹಾಗೆ ನೋಡಿಕೊಳ್ಳುವ ಮಾಲೀಕರೂ ಇದ್ದಾರೆ.

ಆದರೆ ನಾನು ಮೊದಲು ಕೇಳಿಕೊಳ್ಳುವುದು ಬೇರೆ ಎರಡು ಪ್ರಶ್ನೆ. ಈ ಕೆಲಸ ವರ್ಷವಿಡೀ ಇರುತ್ತಾ? ಇವರು ಬಿಟ್ಟು ಹೋದರೆ ನನಗೆ ಎಷ್ಟು ನಷ್ಟ?

ಆಫ್‌ಸೆಟ್ ಯಂತ್ರ ಓಡಿಸುವವರ ವಿಷಯದಲ್ಲಿ ಯೋಚಿಸುವುದೇ ಬೇಡ. ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರಿಸಬೇಕು. ಇಂಕು, ನೀರು ಹದದಲ್ಲಿರಬೇಕು. ಹೊಸಬರು ಅದನ್ನು ಕಲಿಯುವಷ್ಟರಲ್ಲಿ ಎಷ್ಟು ಕಾಗದ ಹಾಳಾಗುತ್ತೆ ಅಂತ ಪ್ರೆಸ್‌ನವರಿಗೇ ಗೊತ್ತು. ಅಂಥವರನ್ನು ಉಳಿಸಿಕೊಳ್ಳುವ ಖರ್ಚಿಗಿಂತ ಕಳೆದುಕೊಳ್ಳುವ ಖರ್ಚು ಜಾಸ್ತಿ. ಹಾಗೇ ಕಟಿಂಗ್ ಮೆಷಿನ್ ಮುಟ್ಟುವವರೂ ಖಾಯಂ ಆಗಿರಲೇಬೇಕು, ವಿಮೆ ಇರಲೇಬೇಕು. ಅಲ್ಲಿ ಬೆರಳಿನ ಪ್ರಶ್ನೆ. ಇದರಲ್ಲಿ ನಾನು ಲಾಭ ನಷ್ಟ ನೋಡುವುದಿಲ್ಲ.

ಬೈಂಡಿಂಗ್ ಕಡೆಗೆ ಬಂದರೆ ಲೆಕ್ಕ ಬದಲಾಗುತ್ತೆ. ಕ್ಯಾಲೆಂಡರ್, ಡೈರಿ ಕೆಲಸ ವರ್ಷದ ಕೊನೆಗೆ ಒಟ್ಟಿಗೆ ಬಂದು ಬೀಳುತ್ತೆ. ಅದು ಮುಗಿದರೆ ಅಷ್ಟೂ ಜನಕ್ಕೆ ಕೊಡುವಷ್ಟು ಕೆಲಸ ನನ್ನ ಹತ್ತಿರ ಇರುವುದಿಲ್ಲ. ಇಲ್ಲಿ ಸೀಸನ್ ಮಟ್ಟಿನ ಕೆಲಸವೇ ಸರಿ.

ಕಷ್ಟ ಇರುವುದು ನಡುವಿನವರ ವಿಷಯದಲ್ಲಿ. ಪೀಸ್ ಲೆಕ್ಕ ಅಂತ ಬಂದವರು ಸೀಸನ್ ಮುಗಿದರೂ ದಿನಾ ಬರುತ್ತಿರುತ್ತಾರೆ. ನಾನು ಹೇಳಿದ ಹೊತ್ತಿಗೆ ಬರುತ್ತಾರೆ, ನನ್ನ ಯಂತ್ರದಲ್ಲೇ ಹೊಲಿಯುತ್ತಾರೆ, ಅವರಿಗೆ ಬೇರೆ ಆದಾಯವೂ ಇಲ್ಲ. ಅವರು ನಮ್ಮವರೇ ಅಲ್ವಾ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2006ರಲ್ಲಿ ಹೊರಡಿಸಿದ 198ನೇ ಶಿಫಾರಸು ಕೂಡ ಇದನ್ನೇ ನೋಡಲು ಹೇಳುತ್ತೆ: ಕೆಲಸ ಯಾರ ಮಾತಿನಂತೆ ನಡೆಯುತ್ತೆ, ಸಲಕರಣೆ ಯಾರದ್ದು, ಇದೊಂದೇ ಆದಾಯವಾ. ಕರಾರಿಗೆ ಏನು ಹೆಸರಿಟ್ಟಿದ್ದೀರಿ ಅನ್ನುವುದು ಮುಖ್ಯ ಅಲ್ಲ. ಇಂಥವರನ್ನೆಲ್ಲ ನಾನು ಖಾಯಂ ಪಟ್ಟಿಗೆ ತರಲು ಹೊರಟೆ.

ಆಗ ಕೆಲವರು ಅವರಾಗಿಯೇ ಬೇಡ ಅಂದರು. ಪಿಂಚಣಿಗೆ ಅಂತ ಹಿಡಿದರೆ ಕೈಗೆ ಬರುವುದು ಕಡಿಮೆಯಾಗುತ್ತೆ, ಮನೆ ನಡೆಯೋದು ಹೇಗೆ ಅಂತ ಕೇಳಿದರು. ಆ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ನನ್ನ ಪಾಲು ಎಷ್ಟು, ಅವರ ಪಾಲು ಎಷ್ಟು ಅಂತ ಒಬ್ಬೊಬ್ಬರ ಹೆಸರಲ್ಲೂ ಬರೆದು ತೋರಿಸಿದೆ. ಸಂಬಳದ ಚೀಟಿ ಇದ್ದರೆ ಬ್ಯಾಂಕಿನಲ್ಲಿ ಸಾಲ ಕೇಳುವುದು ಸುಲಭ ಅಂದೆ. ಹೆಚ್ಚಿನವರನ್ನು ಒಪ್ಪಿಸಿದ್ದು ಈ ಚೀಟಿಯೇ. ಮನೆಯಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲವು ಹೆಂಗಸರು ಮಾತ್ರ ತಮ್ಮ ಹೊತ್ತಿಗೇ ಬರುತ್ತೇವೆ ಅಂದರು. ಅವರನ್ನು ಬಲವಂತ ಮಾಡಲಿಲ್ಲ.

ಜಗತ್ತಿನಲ್ಲಿ ದುಡಿಯುವವರಲ್ಲಿ 100ಕ್ಕೆ 60ಕ್ಕಿಂತ ಹೆಚ್ಚು ಜನ, ಅಂದರೆ ಸುಮಾರು 200 ಕೋಟಿ, ಅನೌಪಚಾರಿಕವಾಗಿಯೇ, ಅಂದರೆ ಕಾನೂನಿನ ರಕ್ಷಣೆ ಸರಿಯಾಗಿ ಸಿಗದೆ, ದುಡಿಯುತ್ತಾರೆ ಅಂತ ಅದೇ ಸಂಸ್ಥೆ 2018ರಲ್ಲಿ ಅಂದಾಜು ಮಾಡಿತ್ತು. ಅಷ್ಟೂ ಜನರನ್ನು ನಾಳೆಯೇ ಖಾಯಂ ಮಾಡುವುದು ಆಗದ ಮಾತು. ಹಾಗಂತ ಬಾಯಿಮಾತಿನಲ್ಲೇ ಬಿಡಬೇಕಾಗಿಯೂ ಇಲ್ಲ. ಸೀಸನ್‌ಗೆ ಬರುವವರಿಗೂ ನಾನು ಒಂದು ಹಾಳೆ ಬರೆದು ಕೊಡುತ್ತೇನೆ. ಯಾವಾಗಿಂದ ಯಾವಾಗಿನವರೆಗೆ ಕೆಲಸ, ಪೀಸಿಗೆ ಎಷ್ಟು, ದುಡ್ಡು ಯಾವ ವಾರ ಸಿಗುತ್ತೆ, ಪೆಟ್ಟಾದರೆ ಖರ್ಚು ಯಾರದ್ದು ಅಂತ ಅದರಲ್ಲಿರುತ್ತೆ. ಒಂದು ಪ್ರತಿ ಅವರ ಹತ್ತಿರ, ಇನ್ನೊಂದು ನನ್ನ ಫೈಲಿನಲ್ಲಿ.